ಚೊಕ್ಕಮ್ಮ ಬ್ರಷ್ ತೊಳೆಯುವ ಕ್ರಮ

ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇದೆ. ಅದು ಗುರುತಿನ ಚೀಟಿಯಲ್ಲಿ ಬೆಚ್ಚಗಿರಲಿ. ಬೀದಿಯವರ ಬಾಯಲ್ಲಿ ಅವಳು ಚೊಕ್ಕಮ್ಮ. ಎದುರು ಮನೆಯ ಟೈಲರನ ಹೆಂಡತಿ ಗೇಲಿಗೆಂದು ಶುರು ಮಾಡಿದ ಹೆಸರು ಅದು. ಗೇಲಿ ಯಾವತ್ತೋ ಸವೆದುಹೋಯಿತು, ಹೆಸರು ಉಳಿಯಿತು. ಗೇಲಿ ಮಾಡಿದವಳ ತಪ್ಪೂ ಇಲ್ಲ ಬಿಡಿ. ಮನೆಗೆ ಬಂದವರು ಕುರ್ಚಿ ಬಿಟ್ಟು ಏಳುವುದೇ ತಡ, ಚೊಕ್ಕಮ್ಮ ಒದ್ದೆ ಬಟ್ಟೆ ಹಿಡಿದು ಆ ಕುರ್ಚಿಯನ್ನು ಒರೆಸುತ್ತಾಳೆ, ಅವರು ಇನ್ನೂ ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಿರುವಾಗಲೇ. ಯಾರಿಗೆ ಬೇಜಾರಾಯಿತು ಎಂದು ತಿರುಗಿ ನೋಡುವ ಸ್ವಭಾವ ಅವಳದಲ್ಲ.

ಕೆಲಸ ಮೇಕಪ್ಪಿನದು. ಇಪ್ಪತ್ತಾರು ವರ್ಷಗಳಿಂದ ಮದುವೆ ಹೆಣ್ಣುಗಳ, ಶಾಲೆಯ ನಾಟಕದ ಮಕ್ಕಳ, ಸ್ಟುಡಿಯೋದಲ್ಲಿ ಫೋಟೋಗೆ ಕೂರುವವರ ಮುಖ ತಿದ್ದಿ ಮನೆ ನಡೆಸಿದವಳು. ಕೈಚಳಕದಲ್ಲಿ ಅವಳಿಗಿಂತ ಒಂದು ಕೈ ಮೇಲಿನವರು ಆ ಊರಲ್ಲೇ ನಾಲ್ಕು ಜನ ಸಿಕ್ಕಾರು. ಶುಚಿಯಲ್ಲಿ ಮಾತ್ರ ಅವಳ ಹತ್ತಿರ ಸುಳಿಯುವವರು ಯಾರೂ ಇರಲಿಲ್ಲ, ಮತ್ತು ಅವಳಿಗೆ ಕೆಲಸ ಬರುತ್ತಿದ್ದದ್ದೇ ಆ ಹೆಸರಿನ ಮೇಲೆ. ಚೊಕ್ಕಮ್ಮನ ಬ್ರಷ್ಷು ಮುಖ ಮುಟ್ಟಿದರೆ ಒಂದು ಮೊಡವೆಯೂ ಏಳುವುದಿಲ್ಲ ಎಂದು ಹುಡುಗಿಯರ ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಕೆಲಸ ಮುಗಿಸಿ ಬಂದವಳು ತನ್ನ ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು ಬ್ರಷ್ಷುಗಳ ಮುಖಕ್ಕೆ ಹಾಕುತ್ತಾಳೆ. ಮೂವತ್ತೆರಡು ಬ್ರಷ್ಷುಗಳು, ಕೆನ್ನೆಗೆ ಪುಡಿ ಹೊಡೆಯುವ ದಪ್ಪ ತಲೆಯವುಗಳಿಂದ ಹಿಡಿದು ರೆಪ್ಪೆಯಂಚಿಗೆ ಗೆರೆ ಎಳೆಯುವ ಇರುವೆ ಕಾಲಿನಷ್ಟು ಸಣ್ಣವುಗಳ ತನಕ. ಮೊದಲು ಒಣ ಟವೆಲ್ಲಿನ ಮೇಲೆ ಎಳೆದು ಉಳಿದ ಪುಡಿ ಉದುರಿಸಬೇಕು. ತುಟಿಬಣ್ಣ, ಕಾಡಿಗೆ ಮೆತ್ತಿದವಕ್ಕೆ ಒಂದು ತೊಟ್ಟು ಎಣ್ಣೆ ಬೇಕು, ಇಲ್ಲದಿದ್ದರೆ ಅವು ಶಾಂಪೂಗೆ ಜಗ್ಗುವುದಿಲ್ಲ. ನೀರು ಉಗುರುಬೆಚ್ಚಗಿರಬೇಕು. ಬ್ರಷ್ಷಿನ ತಲೆ ಯಾವಾಗಲೂ ಕೆಳಗೆ. ಕೂದಲನ್ನು ಹಿಡಿಗೆ ಕಚ್ಚಿಸಿರುವ ತಗಡಿನ ಕೊರಳಿಗೆ ನೀರು ಏರಿತೋ, ಒಳಗಿನ ಅಂಟು ಸಡಿಲವಾಗಿ ಬ್ರಷ್ಷು ಬೋಳಾಗಲು ಶುರು. ಅಂಗೈಯಲ್ಲಿ ಎಳೆಮಕ್ಕಳ ಶಾಂಪೂ ಒಂದು ಕಾಳಿನಷ್ಟು ಹಾಕಿಕೊಂಡು ಅದರ ಮೇಲೆ ಬ್ರಷ್ಷನ್ನು ಮೆಲ್ಲಗೆ ಸುತ್ತಿಸಬೇಕು, ಉಜ್ಜಬಾರದು. ನಲ್ಲಿಯ ಕೆಳಗೆ ಹಿಡಿದರೆ ಮೊದಲು ಕೆಂಪು ನೀರು, ಆಮೇಲೆ ಕಂದು, ಆಮೇಲೆ ಹಾಲಿನ ಪಾತ್ರೆ ತೊಳೆದ ನೀರಿನ ಬಣ್ಣ. ಬಿಳೀ ಬಟ್ಟಲಲ್ಲಿ ಹಿಡಿದ ನೀರಿನ ತಳ ಕಾಣುವ ತನಕ ಅವಳು ಬಿಡುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಆ ಬಟ್ಟಲಿನ ಪಕ್ಕ ಕೂತು, ಯಾವ ಬಣ್ಣ ಮೊದಲು ಹೋಗುತ್ತದೆಂದು ತಾಯಿಯ ಜೊತೆ ಪಂದ್ಯ ಕಟ್ಟುತ್ತಿದ್ದಳು.

ಒಣಗಿಸುವುದು ಇನ್ನೊಂದು ತಪಸ್ಸು. ಹತ್ತಿಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಕೂದಲನ್ನು ಬೆರಳಲ್ಲಿ ಮೊದಲಿನ ಆಕಾರಕ್ಕೆ ತಂದು, ಕಿಟಕಿಯ ಪಕ್ಕದ ಸಲಾಕೆಗೆ ಕ್ಲಿಪ್ಪು ಸಿಕ್ಕಿಸಿ ತಲೆ ಕೆಳಗಾಗಿ ತೂಗುಹಾಕುತ್ತಾಳೆ. ಗಾಳಿ ಆಡಬೇಕು, ಬಿಸಿಲು ಬೀಳಬಾರದು. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸುವವರನ್ನು ಕಂಡರೆ ಉರಿದು ಬೀಳುತ್ತಾಳೆ; ನೀರೆಲ್ಲ ಕೊರಳಿಗೆ ಇಳಿದು ಒಳಗೇ ಕೊಳೆಯುತ್ತದೆ, ಮೇಲೆ ನೋಡಿದರೆ ಮಲ್ಲಿಗೆ, ಒಳಗೆ ಚರಂಡಿ ಎನ್ನುತ್ತಾಳೆ. ಸಲಾಕೆ ಮಾಡಿಕೊಟ್ಟವನು ಗಂಡ. ಬೀಗ ರಿಪೇರಿ ಅವನ ಕಸುಬು. ನಿನ್ನ ಬ್ರಷ್ಷಿಗಿರುವ ಯೋಗ ನನ್ನ ಅಂಗಿಗಿಲ್ಲ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಾನೆ, ಮತ್ತು ಅಂಗಿಯನ್ನು ತಾನೇ ಒಗೆದುಕೊಳ್ಳುತ್ತಾನೆ.

ಇಷ್ಟೆಲ್ಲ ಆದ ಮೇಲೆ ಕೊನೆಯದೊಂದು ಇದೆ. ತೂಗುಹಾಕಿದ್ದನ್ನು ಮಾರನೆಯ ದಿನ ಇಳಿಸುವಾಗ ಪ್ರತಿಯೊಂದು ಬ್ರಷ್ಷನ್ನೂ ತನ್ನ ತುಟಿಗೆ ತಾಗಿಸಿ ನೋಡುತ್ತಾಳೆ. ಕೆಲಸಕ್ಕೆ ಕೂತಾಗ, ಇನ್ನೊಬ್ಬರ ಮುಖ ಮುಟ್ಟುವ ಮುನ್ನ, ಮತ್ತೊಮ್ಮೆ. ಇದನ್ನು ಕಲಿಸಿದವನು ಅವಳಿಗೆ ಕಸುಬು ಕಲಿಸಿದ ಮುದುಕ, ನಾಟಕದ ಕಂಪನಿಯೊಂದರಲ್ಲಿ ಬಣ್ಣ ಹಚ್ಚುತ್ತಿದ್ದವನು. ಬೆರಳು ಸುಳ್ಳು ಹೇಳುತ್ತದೆ, ತುಟಿ ಹೇಳುವುದಿಲ್ಲ ಎಂಬುದು ಅವನ ಮಾತು. ಅದು ನಿಜವೂ ಹೌದು. ವರ್ಷಗಟ್ಟಲೆ ನೀರಲ್ಲಿ ಆಡಿದ ಬೆರಳಿಗೆ ತಂಪಿಗೂ ತೇವಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕೂದಲಿನ ಬುಡದಲ್ಲಿ ಒಂದು ಹನಿ ಉಳಿದಿದ್ದರೂ ತುಟಿಗೆ ಗೊತ್ತಾಗಿಬಿಡುತ್ತದೆ. ಆದರೆ ಮುದುಕನ ತುಟಿಗೂ ಚೊಕ್ಕಮ್ಮನ ತುಟಿಗೂ ಒಂದು ವ್ಯತ್ಯಾಸವಿತ್ತು. ಚೊಕ್ಕಮ್ಮನ ಕೆಳತುಟಿಯ ಬಲ ಮೂಲೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಸಣ್ಣ ನೀರುಗುಳ್ಳೆಗಳು ಏಳುತ್ತಿದ್ದವು. ಮೊದಲ ದಿನ ಬರೀ ಚುರುಚುರು, ಆಮೇಲೆ ಗುಳ್ಳೆ, ಆಮೇಲೆ ಹಕ್ಕಳೆ, ವಾರ ಹತ್ತು ದಿನಕ್ಕೆ ಮಾಯ. ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ ಎಂದುಕೊಂಡು ಅವಳು ನಾಲ್ಕು ಲೋಟ ನೀರು ಹೆಚ್ಚಿಗೆ ಕುಡಿದು ಕೆಲಸಕ್ಕೆ ಹೋಗುತ್ತಿದ್ದಳು. ಕೇಡು ಇದ್ದದ್ದು ಅಲ್ಲಿ. ಕಾವಲಿಗೆ ಹಾಕಿದ ಬೇಲಿಯೇ ಹೊಲ ಮೇಯುತ್ತಿತ್ತು, ಮತ್ತು ಬೇಲಿಗೇ ಅದು ಗೊತ್ತಿರಲಿಲ್ಲ.

ಸೂಚನೆ ಸಿಕ್ಕಿರಲಿಲ್ಲವೆಂದು ಹೇಳುವ ಹಾಗಿಲ್ಲ. ಹಿಂದಿನ ವರ್ಷ ಔಷಧಿ ಅಂಗಡಿಯವನ ಸೊಸೆ ಮದುವೆಯಾದ ವಾರದಲ್ಲೇ ಒಂದು ಕಣ್ಣು ಕೆಂಪಗೆ ಮಾಡಿಕೊಂಡು ತಿಂಗಳು ಕಾಲ ಬೆಳಕಿಗೆ ಬರಲಾಗದೆ ಒಳಗೇ ಕೂತಿದ್ದಳು. ಅದಾಗಿ ಐದು ತಿಂಗಳಿಗೆ ಶಾಲೆಯ ಟೀಚರೊಬ್ಬಳಿಗೆ ರೆಪ್ಪೆಯ ಮೇಲೆ ಗುಳ್ಳೆ ಎದ್ದು ಕಣ್ಣು ಊದಿತು. ಇಬ್ಬರ ಮುಖಕ್ಕೂ ಚೊಕ್ಕಮ್ಮನೇ ಬಣ್ಣ ಹಚ್ಚಿದ್ದು. ಟೈಲರನ ಹೆಂಡತಿ ಒಂದು ದಿನ ಸುಮ್ಮನೆ ಕೇಳುವವಳಂತೆ ಕೇಳಿದಳು, ಆ ಕಾಡಿಗೆ ಹಳೇದೇನಾದರೂ ಆಗಿತ್ತಾ ಅಂತ. ಚೊಕ್ಕಮ್ಮ ಅವಳನ್ನು ಕೈಹಿಡಿದು ಒಳಗೆ ಕರೆತಂದು, ಸಲಾಕೆಗೆ ತೂಗುತ್ತಿದ್ದ ಮೂವತ್ತೆರಡು ಬ್ರಷ್ಷುಗಳನ್ನೂ ತೋರಿಸಿ, ಇದರಲ್ಲಿ ಒಂದು ಚುಕ್ಕೆ ಕೊಳೆ ತೋರಿಸಿದರೆ ನಾಳೆಯಿಂದ ಕಸುಬು ಬಿಡುತ್ತೇನೆ ಎಂದಳು. ಟೈಲರನ ಹೆಂಡತಿ ಬಗ್ಗಿ ನೋಡಿದಳು, ಮೂಸಿಯೂ ನೋಡಿದಳು. ಕೊಳೆ ಇದ್ದರೆ ತಾನೆ. ಮಾತು ಅಲ್ಲಿಗೇ ನಿಂತಿತು, ಮತ್ತು ಚೊಕ್ಕಮ್ಮ ಇನ್ನೂ ಹೆಚ್ಚು ಶ್ರದ್ಧೆಯಿಂದ ತೊಳೆಯತೊಡಗಿದಳು, ಇನ್ನೂ ಹೆಚ್ಚು ಶ್ರದ್ಧೆಯಿಂದ ತುಟಿಗೆ ತಾಗಿಸಿ ನೋಡತೊಡಗಿದಳು.

ಮಗಳಿಗೆ ಇಪ್ಪತ್ನಾಲ್ಕು. ತಾಯಿಯ ಮೂಗು, ತಂದೆಯ ಹಟ. ಚಿಕ್ಕಂದಿನಲ್ಲಿ ಬೀಗಗಳನ್ನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದವಳು ದೊಡ್ಡವಳಾದ ಮೇಲೆ ಇಂಜಿನ್ನುಗಳ ಹುಚ್ಚು ಹಿಡಿಸಿಕೊಂಡಳು. ರೈಲು ಓಡಿಸುತ್ತೇನೆ ಎಂದಾಗ ಮನೆಯವರು ನಕ್ಕಿದ್ದರು. ನಗು ನಿಲ್ಲುವಷ್ಟರಲ್ಲಿ ಅವಳು ಎರಡು ಸಲ ಪರೀಕ್ಷೆ ಬರೆದಿದ್ದಳು. ಮೂರನೆಯ ಸಲಕ್ಕೆ ಪಾಸಾದಳು. ಉಳಿದದ್ದು ವೈದ್ಯಕೀಯ ಪರೀಕ್ಷೆ ಮಾತ್ರ. ಅದರಲ್ಲೂ ಮುಖ್ಯವಾಗಿ ಕಣ್ಣು. ದೂರದ ದೀಪ ಕೆಂಪೋ ಹಸಿರೋ ಎಂದು ಎರಡೂ ಕಣ್ಣು ಬೇರೆಬೇರೆಯಾಗಿ ಹೇಳಬೇಕು, ಕನ್ನಡಕ ಹಾಕುವ ಹಾಗಿಲ್ಲ, ಒಂದು ಕಣ್ಣು ಸೋತರೂ ಮನೆಗೆ. ಅವಳ ಕಣ್ಣುಗಳೋ, ಎದುರು ಬೀದಿಯ ಬಸ್ಸಿನ ನಂಬರನ್ನು ಮನೆಯ ಮಹಡಿಯಿಂದ ಓದುವಂಥವು. ಆ ಪರೀಕ್ಷೆಗೆ ಕರೆದ ಕಾಗದ ಬಂದ ದಿನ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಅದನ್ನು ಓದಿ ಹೇಳಿದ. ಪರೀಕ್ಷೆಗೆ ಐದು ವಾರ ಇತ್ತು.

ಚೊಕ್ಕಮ್ಮನಿಗೆ ಆಗ ಒಂದು ಆಸೆ ಹುಟ್ಟಿತು. ಊರಿನ ಹುಡುಗಿಯರ ಮುಖಕ್ಕೆಲ್ಲ ಬಣ್ಣ ಹಚ್ಚಿದವಳು ಸ್ವಂತ ಮಗಳ ಮುಖಕ್ಕೆ ಒಂದು ಸಲವೂ ಹಚ್ಚಿರಲಿಲ್ಲ. ಮಗಳಿಗೆ ಅದು ಸೇರುತ್ತಿರಲಿಲ್ಲ. ಮುಖಕ್ಕೆ ಗೋಡೆಯ ಸುಣ್ಣ ಬಳಿದ ಹಾಗಿರುತ್ತದೆ ಎನ್ನುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಎಲ್ಲಿ ಇರುತ್ತಾಳೋ, ಯಾವಾಗ ಸಿಗುತ್ತಾಳೋ, ಅಷ್ಟರೊಳಗೆ ಸ್ಟುಡಿಯೋದಲ್ಲಿ ಒಂದು ಒಳ್ಳೆಯ ಫೋಟೋ ತೆಗೆಸಿ ಗೋಡೆಗೆ ಹಾಕಬೇಕು ಎಂದು ತಾಯಿ ಹಿಂದೆ ಬಿದ್ದಳು. ನಾಲ್ಕು ದಿನ ಗೋಗರೆದಳು. ಐದನೆಯ ದಿನ ಮಗಳು ನಕ್ಕು ಸ್ಟೂಲಿನ ಮೇಲೆ ಬಂದು ಕೂತಳು.

"ಒಂದೇ ಸಲ ಅಮ್ಮ. ಆಮೇಲೆ ಕೇಳಬಾರದು."

ಅವತ್ತು ಬೆಳಗಿನಿಂದ ಚೊಕ್ಕಮ್ಮನ ಕೆಳತುಟಿಯ ಬಲ ಮೂಲೆ ಚುರುಚುರು ಎನ್ನುತ್ತಿತ್ತು. ಗುಳ್ಳೆ ಇನ್ನೂ ಎದ್ದಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಳು, ಏನೂ ಕಾಣಲಿಲ್ಲ, ಬಿಟ್ಟಳು. ಮಗಳ ಕೆಲಸವೆಂದು ಹಿಂದಿನ ದಿನ ಎಲ್ಲ ಬ್ರಷ್ಷುಗಳನ್ನೂ ಎರಡೆರಡು ಸಲ ತೊಳೆದಿದ್ದಳು. ಈಗ ಒಂದೊಂದನ್ನೇ ತೆಗೆದು ತುಟಿಗೆ ತಾಗಿಸಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡು, ಮಗಳ ಹಣೆಗೆ, ಕೆನ್ನೆಗೆ, ಗಲ್ಲಕ್ಕೆ ಎಳೆದಳು. ರೆಪ್ಪೆಯಂಚಿನ ಸಣ್ಣ ಬ್ರಷ್ಷನ್ನು ಎರಡು ಸಲ ತಾಗಿಸಿ ನೋಡಿದಳು, ಕಣ್ಣಿನ ವಿಷಯ ತಾನೆ, ತೇವವಿದ್ದರೆ ಗೆರೆ ಹರಡುತ್ತದೆ. ಮಗಳು ಕಣ್ಣು ಮಿಟುಕಿಸಿದಾಗ ಎಡಗಣ್ಣಿನ ಒಳಗೆ ಬ್ರಷ್ಷಿನ ಕೂದಲು ಸ್ವಲ್ಪ ತಾಗಿತು. ನೀರು ಬಂತು. ಚೊಕ್ಕಮ್ಮ ಹತ್ತಿಯಿಂದ ಒರೆಸಿ, ಮುದ್ದು ಮಾಡಿ, ಮತ್ತೆ ಗೆರೆ ಎಳೆದಳು. ಫೋಟೋ ಬಹಳ ಚೆನ್ನಾಗಿ ಬಂತು. ಸ್ಟುಡಿಯೋದವನೇ ಒಂದು ಪ್ರತಿಯನ್ನು ತನ್ನ ಅಂಗಡಿಯ ಗಾಜಿನಲ್ಲಿ ಇಟ್ಟುಕೊಂಡ.

ಫೋಟೋ ತೆಗೆಸಿದ ಆರನೆಯ ದಿನ ಮಗಳು ಎಡಗಣ್ಣು ಉಜ್ಜಿಕೊಳ್ಳುತ್ತ ಎದ್ದಳು. ಧೂಳು ಬಿದ್ದಿರಬೇಕು ಎಂದರು. ಎಂಟನೆಯ ದಿನ ರೆಪ್ಪೆಯ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಗೊಂಚಲು. ಅದೇ ಹೊತ್ತಿಗೆ ಚೊಕ್ಕಮ್ಮನ ತುಟಿಯ ಮೇಲಿನ ಹಕ್ಕಳೆ ಒಣಗಿ ಉದುರುವಂತಿತ್ತು. ಮನೆಯಲ್ಲಿ ಮೂರು ಜನ ಒಂದೇ ಮೇಜಿಗೆ ಕೂತು ಉಂಡರು. ಒಬ್ಬರೂ ಎರಡನ್ನೂ ಸೇರಿಸಿ ನೋಡಲಿಲ್ಲ. ಹತ್ತನೆಯ ದಿನ ಮಗಳು ಕಿಟಕಿಯ ಪರದೆ ಎಳೆದು ಕೂತಳು, ಬೆಳಕು ಚುಚ್ಚುತ್ತದೆ ಎಂದಳು. ಅವಳು ಯಾವತ್ತೂ ನೋವು ಹೇಳಿಕೊಂಡವಳಲ್ಲ. ಚೊಕ್ಕಮ್ಮ ಅವತ್ತೇ ಅವಳನ್ನು ಡಾಕ್ಟರ ಹತ್ತಿರ ಹೊರಡಿಸಿದಳು.

ಕಣ್ಣಿನ ಡಾಕ್ಟರು ಚೊಕ್ಕಮ್ಮನ ವಯಸ್ಸಿನ ಹೆಂಗಸು, ಮಿತ ಮಾತು. ಕಣ್ಣಿಗೆ ಬಣ್ಣದ ಹನಿ ಬಿಟ್ಟು ನೀಲಿ ದೀಪದಲ್ಲಿ ಬಹಳ ಹೊತ್ತು ನೋಡಿದರು. ಕಪ್ಪುಗುಡ್ಡೆಯ ಮೇಲಿನ ಪೊರೆಯಲ್ಲಿ ಹುಣ್ಣಾಗಿದೆ, ಒಣಗಿದ ಮರದ ಕೊಂಬೆಗಳ ಹಾಗೆ ಕವಲೊಡೆದಿದೆ ಎಂದರು. ಮಗಳನ್ನು ಪಕ್ಕದ ಕೋಣೆಯಲ್ಲಿ ಔಷಧಿ ಹಾಕಿಸಿಕೊಳ್ಳಲು ಕಳಿಸಿ, ಈಚೆಗೆ ಕಣ್ಣಿಗೆ ಏನಾದರೂ ತಾಗಿತ್ತೇ ಎಂದು ತಾಯಿಯನ್ನು ಕೇಳಿದರು. ಚೊಕ್ಕಮ್ಮ ಫೋಟೋದ ವಿಷಯ ಹೇಳಿದಳು. ತನ್ನ ಬ್ರಷ್ಷಿನ ಮೇಲೆ ಅನುಮಾನ ಬರಬಾರದೆಂದು ಚೀಲವನ್ನು ಜೊತೆಗೇ ತಂದಿದ್ದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಡಾಕ್ಟರು ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿ, ಇಷ್ಟು ಶುಚಿಯಾದ ಬ್ರಷ್ಷು ನಾನು ಕಂಡಿಲ್ಲ, ಹೇಗೆ ತೊಳೆಯುತ್ತೀರಿ ಎಂದು ಕೇಳಿದರು.

ಇಂಥ ಪ್ರಶ್ನೆಗಾಗಿ ಚೊಕ್ಕಮ್ಮ ಇಪ್ಪತ್ತಾರು ವರ್ಷ ಕಾದಿದ್ದಳು. ಮಗಳ ಕಣ್ಣಿನ ಸಂಕಟದ ನಡುವೆಯೂ ಅವಳ ದನಿಗೆ ಒಂದು ಗತ್ತು ಬಂತು. ಟವೆಲ್ಲಿನಿಂದ ಶುರು ಮಾಡಿ, ಎಣ್ಣೆ, ಉಗುರುಬೆಚ್ಚನೆ ನೀರು, ಬಿಳೀ ಬಟ್ಟಲು, ಸಲಾಕೆ, ನೆರಳು, ಗಾಳಿ, ಎಲ್ಲವನ್ನೂ ಬಿಡದೆ ಹೇಳಿದಳು. ಡಾಕ್ಟರು ತಲೆದೂಗುತ್ತ ಕೇಳಿದರು. ಕೊನೆಗೆ, ಒಣಗಿದೆಯೋ ಇಲ್ಲವೋ ನೋಡುವುದು ಹೀಗೆ ಎನ್ನುತ್ತ ಚೊಕ್ಕಮ್ಮ ಮೇಜಿನ ಮೇಲಿಂದ ಸಣ್ಣ ಬ್ರಷ್ಷೊಂದನ್ನು ಎತ್ತಿ ಕೆಳತುಟಿಗೆ ತಾಗಿಸಿದಳು.

ಡಾಕ್ಟರ ತಲೆದೂಗು ನಿಂತಿತು. ಅವರು ಬ್ರಷ್ಷನ್ನು ನೋಡಲಿಲ್ಲ. ತುಟಿಯ ಮೂಲೆಯಲ್ಲಿ ಇನ್ನೂ ಗುಲಾಬಿ ಬಣ್ಣದಲ್ಲಿದ್ದ ಕಲೆಯನ್ನು ನೋಡಿದರು.

"ಇದು ಆಗಾಗ ಬರುತ್ತಾ ನಿಮಗೆ?"

"ಉಷ್ಣಕ್ಕೆ ಬರುತ್ತೆ ಡಾಕ್ಟ್ರೇ. ವರ್ಷಕ್ಕೆರಡು ಸಲ."

"ಉಷ್ಣ ಅಲ್ಲಮ್ಮ ಅದು. ಒಬ್ಬರಿಂದ ಒಬ್ಬರಿಗೆ ಅಂಟುತ್ತೆ. ತುಟಿಗೆ ಬಂದರೆ ಗುಳ್ಳೆ, ಕಣ್ಣಿಗೆ ಹೋದರೆ ಇದು. ನೀವು ತೊಳೆದಿದ್ದೆಲ್ಲ ಸರಿಯಾಗಿದೆ. ತೊಳೆದ ಮೇಲೆ ನೀವೇ ಹಾಕಿದ್ದೀರಿ."

ಚೊಕ್ಕಮ್ಮನಿಗೆ ಅರ್ಥವಾಗಲಿಲ್ಲ ಎನ್ನುವುದು ಸುಳ್ಳು. ಅರ್ಥವಾಗದ ಹಾಗೆ ಕೂತಿದ್ದಳು, ಅಷ್ಟೇ. ಗುಳ್ಳೆ ಕಾಣದಿದ್ದರೂ, ಬರೀ ಚುರುಚುರು ಇದ್ದಾಗಲೂ ಅಂಟುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಬೇರೆ ಯಾರಿಗೋ ಹೇಳಿದಂತೆ ಕೇಳಿಸಿತು. ಹುಣ್ಣು ಮಾಯುತ್ತದೆ, ಆದರೆ ಕಲೆ ಉಳಿಯಬಹುದು. ಉಳಿದರೆ ಅದರ ಮೂಲಕ ನೋಡುವುದು ಉಜ್ಜಿ ಮಬ್ಬಾದ ಗಾಜಿನ ಮೂಲಕ ನೋಡಿದಂತೆ. ಮತ್ತೆ ಮರುಕಳಿಸಲೂಬಹುದು. ಹಿಂದೆ ಯಾರಿಗಾದರೂ ಹೀಗೆ ಆಗಿದ್ದರೆ ಅವರಿಗೂ ತಿಳಿಯಬೇಕು, ಮುಂದಿನ ಸಲ ಕೆಂಪಾದ ದಿನವೇ ಔಷಧಿ ಬಿದ್ದರೆ ಕಣ್ಣು ಉಳಿಯುತ್ತದೆ ಎಂದೂ ಹೇಳಿದರು. ಆಮೇಲೆ ಮಗಳಿಗೆ ಇದು ಎಲ್ಲಿಂದ ಬಂತೆಂದು ನೀವು ಹೇಳುತ್ತೀರೋ ನಾನು ಹೇಳಲೋ ಎಂದು ಕೇಳಿದರು.

"ನಾನೇ ಹೇಳ್ತೀನಿ," ಎಂದಳು ಚೊಕ್ಕಮ್ಮ.

ಹೇಳಲಿಲ್ಲ. ಅವತ್ತು ಬಸ್ಸಿನಲ್ಲಿ ಜನ ಇದ್ದರು ಎಂದು ಹೇಳಲಿಲ್ಲ. ಮನೆಯಲ್ಲಿ ಗಂಡ ಇದ್ದ ಎಂದು ಹೇಳಲಿಲ್ಲ. ಮಾರನೆಯ ದಿನ ಮಗಳು ನೋವಿನಲ್ಲಿದ್ದಳು, ಅದರ ಮಾರನೆಯ ದಿನ ನೋವು ಕಡಿಮೆಯಾಗಿ ನಗುತ್ತಿದ್ದಳು. ನಗುವವಳ ಮುಖಕ್ಕೆ ಇದನ್ನು ಎಸೆಯಲು ಯಾವ ತಾಯಿಗೆ ಬಾಯಿ ಬಂದೀತು. ಕಲೆ ಉಳಿಯದೆ ಹೋಗಲಿ, ಪರೀಕ್ಷೆ ಪಾಸಾಗಲಿ, ಆಮೇಲೆ ಒಂದು ದಿನ ನಿಧಾನಕ್ಕೆ ಕೂರಿಸಿಕೊಂಡು ಹೇಳಿದರಾಯಿತು ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ನೆಪಕ್ಕೇನು ಬರ. ಬೀಗ ರಿಪೇರಿಯವನ ಹೆಂಡತಿ ತನ್ನ ಬಾಯಿಗೇ ಬೀಗ ಹಾಕಿಕೊಂಡಳು, ಕೀಲಿಕೈ ಅವನಿಗೂ ಕೊಡಲಿಲ್ಲ.

ಬಂದ ಕೆಲಸಗಳನ್ನೆಲ್ಲ ಮಂಡಿ ನೋವೆಂದು ಹಿಂದಕ್ಕೆ ಕಳಿಸಿದಳು. ಆದರೆ ತೊಳೆಯುವುದು ನಿಲ್ಲಲಿಲ್ಲ. ಯಾರ ಮುಖವನ್ನೂ ಮುಟ್ಟದ ಬ್ರಷ್ಷುಗಳನ್ನು ದಿನವೂ ಇಳಿಸಿ, ದಿನವೂ ತೊಳೆದು, ದಿನವೂ ತೂಗುಹಾಕಿದಳು. ಮೊದಲ ನೀರೇ ತಿಳಿಯಾಗಿ ಬರುತ್ತಿತ್ತು. ಆದರೂ ಅವಳಿಗೆ ಅದರಲ್ಲಿ ಏನೋ ತೇಲುತ್ತಿರುವಂತೆ ಕಾಣುತ್ತಿತ್ತು. ಇಳಿಸುವಾಗ ಕೈ ತಾನಾಗಿ ಬಾಯಿಯ ಕಡೆ ಬರುತ್ತಿತ್ತು, ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಗಂಡ ಒಂದು ಸಾಯಂಕಾಲ ಇದನ್ನು ನೋಡಿ, ಇದೇನೇ ಇದು, ಉಪವಾಸ ಕೂತ ಬ್ರಷ್ಷಿಗೂ ಸ್ನಾನವಾ ಎಂದು ತಮಾಷೆ ಮಾಡಿದ. ಅವಳು ತಿರುಗಿ ನೋಡಿದ ನೋಟಕ್ಕೆ ಅವನ ತಮಾಷೆ ಅಲ್ಲೇ ಸತ್ತಿತು. ಅವತ್ತಿನಿಂದ ಅವನು ಅಂಗಡಿಯಿಂದ ಸ್ವಲ್ಪ ಬೇಗ ಬರತೊಡಗಿದ, ಯಾಕೆಂದು ಅವನಿಗೇ ತಿಳಿಯದೆ.

ಮಗಳು ಮಾತ್ರ ದಿನಕ್ಕೆ ಐದು ಸಲ ಹನಿ ಬಿಟ್ಟುಕೊಂಡು, ಗಡಿಯಾರ ನೋಡಿ ಮುಲಾಮು ಹಚ್ಚಿಕೊಂಡು, ಸಂಜೆಯಾದರೆ ಮಹಡಿಗೆ ಹೋಗಿ ಒಂದೊಂದೇ ಕಣ್ಣು ಮುಚ್ಚಿ ಬಸ್ಸಿನ ನಂಬರು ಓದುತ್ತಿದ್ದಳು. ಕೆಂಪು ಹೋಯಿತು. ಗುಳ್ಳೆ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಕಣ್ಣು ಒಂದೇ ಥರ. ಕೆಳಗಿನ ಮೆಟ್ಟಿಲಲ್ಲಿ ನಿಂತು ಚೊಕ್ಕಮ್ಮ ಕಿವಿಯಾನಿಸುತ್ತಿದ್ದಳು. ಬಲಗಣ್ಣಿಗೆ ನಂಬರು ಸರಸರ ಬರುತ್ತಿತ್ತು. ಎಡಗಣ್ಣಿಗೆ ತಿರುಗಿದ ಮೇಲೆ ಮೇಲಿನಿಂದ ಮಾತೇ ಕೇಳುತ್ತಿರಲಿಲ್ಲ, ಬಸ್ಸು ಹೋದ ಸದ್ದು ಮಾತ್ರ ಕೇಳುತ್ತಿತ್ತು.

ಪರೀಕ್ಷೆಯ ದಿನ ತಾಯಿ ಮಗಳು ಇಬ್ಬರೇ ಹೊರಟರು. ಬಸ್ಸಿನಲ್ಲಿ ಚೊಕ್ಕಮ್ಮ ಸೆರಗಿನ ತುದಿಯಿಂದ ಒಂದು ಮಡಿಸಿದ ಚೀಟಿ ತೆಗೆದು ಮಗಳ ಕೈಗಿಟ್ಟಳು. ಕನ್ನಡಕದ ಅಂಗಡಿಯವನ ಗೋಡೆಯ ಮೇಲಿನ ಅಂಕಿಗಳ ಪಟ್ಟಿ ಅದು. ಎಲ್ಲ ಕಡೆಯೂ ಇದೇ ಪಟ್ಟಿ ಇರುತ್ತದೆಂದು ಅವನು ಹೇಳಿದ್ದ, ಇವಳು ಕೊನೆಯ ಮೂರು ಸಾಲು ಬರೆದುಕೊಂಡು ಬಂದಿದ್ದಳು. ಜೀವಮಾನದಲ್ಲಿ ಒಂದು ಸೂಜಿಯನ್ನೂ ಕದಿಯದವಳು. ಮಗಳು ಚೀಟಿ ಬಿಚ್ಚಿ, ಅದು ಏನೆಂದು ನೋಡಿ, ಬೈಯದೆ ಮಡಿಸಿ ತಾಯಿಯ ಕೈಗೇ ವಾಪಸು ಕೊಟ್ಟಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಉದ್ದನೆಯ ಕಾರಿಡಾರು, ಫಿನಾಯಿಲ್ ವಾಸನೆ, ಗೋಡೆಗೆ ಒರಗಿಸಿದ ಬೆಂಚು. ಮಗಳ ಸರದಿ ಬಂದಾಗ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಚೊಕ್ಕಮ್ಮ ಬೆಂಚಿನ ತುದಿಗೆ ಸರಿದಳು. ಒಳಗೆ ಗಂಡಸಿನ ದನಿ ಎಡಗಣ್ಣು ಮುಚ್ಚಿಕೊಳ್ಳಲು ಹೇಳಿತು. ಮಗಳು ಓದತೊಡಗಿದಳು. ಏಳು. ನಾಲ್ಕು, ಒಂಬತ್ತು. ಎರಡು, ಎಂಟು, ಐದು. ಕೊನೆಯ ಸಾಲಿನ ಕೊನೆಯ ಅಂಕಿಯ ತನಕ ನೀರು ಕುಡಿದ ಹಾಗೆ ಓದಿದಳು. ಚೀಟಿಯಲ್ಲಿದ್ದದ್ದೂ ಅವೇ ಅಂಕಿಗಳು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

ಈಗ ಬಲಗಣ್ಣು ಮುಚ್ಚಿ ಎಂದಿತು ದನಿ.

ಏಳು. ಸ್ವಲ್ಪ ತಡೆದು, ನಾಲ್ಕು, ಒಂಬತ್ತು. ಆಮೇಲೆ ಏನೂ ಕೇಳಲಿಲ್ಲ. ಹೇಳು ತಾಯೀ, ಎರಡು, ಎಂಟು, ಐದು, ಈಗತಾನೆ ಓದಿದ್ದೆಯಲ್ಲ, ಬಾಯಿಪಾಠ ಬಂದಿರುತ್ತೆ, ಹೇಳಿಬಿಡು ಎಂದು ಚೊಕ್ಕಮ್ಮ ಮನಸ್ಸಿನಲ್ಲೇ ಗೋಗರೆದಳು. ಒಳಗಿನ ಗಂಡಸೂ ಕೆಟ್ಟವನಲ್ಲ, ಅವಸರವಿಲ್ಲ, ಇನ್ನೊಂದು ಸಲ ನೋಡಮ್ಮ ಎಂದ.

"ನೆನಪಿದೆ ಸಾರ್, ಹೇಳಬಹುದು," ಎಂದಳು ಮಗಳು. "ಆದರೆ ಕಾಣಿಸ್ತಿಲ್ಲ."

ಕಾಗದದ ಮೇಲೆ ಪೆನ್ನು ಆಡುವ ಸದ್ದು ಚೊಕ್ಕಮ್ಮನಿಗೆ ಅಷ್ಟು ದೂರದಿಂದ ಕೇಳಿಸುವುದು ಸಾಧ್ಯವಿರಲಿಲ್ಲ. ಆದರೂ ಕೇಳಿಸಿತು.

ಹೊರಗೆ ಬಂದ ಮಗಳು ಅಳುತ್ತಿರಲಿಲ್ಲ. ತಾಯಿಯ ಪಕ್ಕ ಕೂತು, ಕೈಯಲ್ಲಿದ್ದ ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿದಳು. ಸಾವಿರ ಜನರನ್ನು ಹಿಂದೆ ಕೂರಿಸಿಕೊಂಡು ಹೋಗುವವಳು ಬಾಯಿಪಾಠದ ಮೇಲೆ ಹೋಗೋಕಾಗಲ್ಲಮ್ಮ ಎಂದಳು, ತಾಯಿಗೇ ಸಮಾಧಾನ ಹೇಳುವ ದನಿಯಲ್ಲಿ. ಧೂಳಿಗೆ ಯಾರೇನು ಮಾಡೋಕಾಗುತ್ತೆ ಎಂದೂ ಅಂದಳು.

ಆ ಧೂಳಿನ ಮಾತನ್ನು ಚೊಕ್ಕಮ್ಮನಿಗೆ ತಡೆದುಕೊಳ್ಳಲು ಆಗಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದಳು, ಅತ್ತಿದ್ದರೆ ಅಪ್ಪಿಕೊಂಡು ಇನ್ನೂ ಒಂದಷ್ಟು ದಿನ ಮುಚ್ಚಿಡುತ್ತಿದ್ದಳೋ ಏನೋ. ಒಳಗೆ ಮಗಳು ಗೊತ್ತಿದ್ದೂ ಸುಳ್ಳು ಹೇಳಲಿಲ್ಲ; ಹೊರಗೆ ತಾಯಿ ಮೂರು ವಾರದಿಂದ ಅದನ್ನೇ ಮಾಡಿಕೊಂಡು ಕೂತಿದ್ದಳು. ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಯಾವ ಕೊಳೆಯ ಬಗ್ಗೆಯೂ ಆಗದಷ್ಟು.

"ಧೂಳಲ್ಲ ಕಣೇ," ಎಂದಳು. "ನನ್ನಿಂದ ಬಂದಿದ್ದು. ನನ್ನ ತುಟಿ ಮೇಲಿನ ಗುಳ್ಳೆಯಿಂದ. ಬ್ರಷ್ ಒಣಗಿದೆಯಾ ಅಂತ ತಾಗಿಸಿ ನೋಡ್ತೀನಲ್ಲ, ಹಾಗೆ. ಡಾಕ್ಟ್ರು ಅವತ್ತೇ ಹೇಳಿದ್ರು. ನಾನು ನಿನಗೆ ಹೇಳಲಿಲ್ಲ."

ಮಗಳು ತಿರುಗಿ ತಾಯಿಯ ಬಾಯಿಯನ್ನು ನೋಡಿದಳು. ಬಲಗಣ್ಣಿನಿಂದ ನೋಡಿದಳೋ, ಎಡಗಣ್ಣಿನಿಂದಲೋ, ಎರಡರಿಂದಲೋ ಚೊಕ್ಕಮ್ಮನಿಗೆ ತಿಳಿಯಲಿಲ್ಲ. ಕಾರಿಡಾರಿನಲ್ಲಿ ಬೇರೊಬ್ಬ ಹುಡುಗಿಯನ್ನು ಒಳಗೆ ಕರೆದರು. ಅವಳು ಇವರ ಕಾಲು ದಾಟಿಕೊಂಡು ಹೋದಳು. ಕೊನೆಗೆ ಮಗಳು ಬಾಯಿ ತೆರೆದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ರಿಪೇರಿಗೆ ಬಂದ ಬೀಗವನ್ನು ತಿರುಗಿಸಿ ನೋಡುವಾಗ ಅವಳ ಅಪ್ಪ ಗಿರಾಕಿಗಳನ್ನು ಕೇಳುತ್ತಿದ್ದ ದನಿ ಅದು.

"ಗುಳ್ಳೆ ಇದ್ದಾಗ ಇನ್ನೂ ಯಾರ್ಯಾರಿಗೆ ಹಚ್ಚಿದ್ದೀಯ?"

ಚೊಕ್ಕಮ್ಮ ಎಡಗೈಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಎಣಿಸತೊಡಗಿದಳು. ಔಷಧಿ ಅಂಗಡಿಯವನ ಸೊಸೆ. ಶಾಲೆಯ ಟೀಚರು. ಅದರ ಹಿಂದಿನ ವರ್ಷ ಅವಳಿ ಮಕ್ಕಳಿಬ್ಬರು, ನಾಟಕಕ್ಕೆ. ಅವರಿಗೆ ಆಗ ಎಂಟು ವರ್ಷ. ಟೈಲರನ ತಂಗಿ. ಬೆರಳು ಮಡಿಸುತ್ತ ಹೋದಳು. ಎಡಗೈ ಮುಗಿಯಿತು. ಅವಳು ಬಲಗೈಯನ್ನು ಬಿಡಿಸಿದಳು.